ಹಳೆಯ ಆನೆಗೆ ಹೊಸ ಬಲ

೨೦೦೩ನೆಯ ಇಸವಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ೮೮,೯೦೦ ಡಾಲರು ಬೆಲೆಯಿದ್ದ ಗಾಡಿಯೊಂದು, ಇಂದು ಅದೇ ನಾಡಿನ ಹಳೆಯ ಕಾರುಗಳ ಅಂಗಳದಲ್ಲಿ ಹೊಸದೊಂದು ಪುಟ್ಟ ಕಾರಿನ ಕ್ರಯಕ್ಕಿಂತಲೂ ಕಡಮೆಗೆ ದೊರೆಯುತ್ತದೆ. ಜರ್ಮನಿಯ ಪೋರ್ಷೆ ಕಂಪನಿಯ ‘ಕೇಯೆನ್ ಟರ್ಬೊ’ ಎಂದು ಅದರ ಹೆಸರು. ಐದು ಜನ ಕುಳಿತು, ಹಿಂದೆ ಸಾಮಾನು ತುಂಬಿ, ಹಿಮದಲ್ಲಿಯೂ ಕೆಸರಿನಲ್ಲಿಯೂ ನಡೆಸಬಹುದಾದ ಸಂಸಾರದ ಗಾಡಿಯದು. ಓಟಕ್ಕೆ ನಿಂತರೆ ಮಾತ್ರ ಎರಡು ಬಾಗಿಲಿನ ಕ್ರೀಡಾ ಕಾರುಗಳಿಗೆ ಸರಿಜೋಡಿ. ಪುಟ್ಟ ಕಾರನ್ನು ಹುಡುಕಿಕೊಂಡು ಹೊರಟ ಗೃಹಸ್ಥನ ಕಣ್ಣು ಇದರ ಮೇಲೆ ಬಿತ್ತೆಂದರೆ ಮುಂದಿನ ಕಥೆ ಊಹಿಸುವುದು ಕಷ್ಟವಲ್ಲ. ಪಕ್ಕದಲ್ಲಿ ನಿಂತ ಮಡದಿ ‘ಇಷ್ಟು ದೊಡ್ಡ ಗಾಡಿ ಇಷ್ಟು ಅಗ್ಗವೇಕೆ?’ ಎಂದು ಕೇಳಿದರೆ, ಆ ದಿನ ಆ ಅಂಗಳದಲ್ಲಿ ಯಾರಾದರೂ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಬಹು ಯೋಗ್ಯವಾದುದು. ಆದರೆ ಅದಕ್ಕೆ ಉತ್ತರ ಕೊಡುವಷ್ಟು ವ್ಯವಧಾನ ಗೃಹಸ್ಥನಿಗೂ ಇರುವುದಿಲ್ಲ, ಮಾರುವವನಿಗಂತೂ ಇರುವುದೇ ಇಲ್ಲ.

ಗಾಡಿಯ ಹುಟ್ಟಿನ ವೃತ್ತಾಂತವೂ ಸ್ವಾರಸ್ಯವಾದುದೇ. ಎಂಬತ್ತರ ದಶಕದ ಮಧ್ಯದಲ್ಲಿ ವರ್ಷಕ್ಕೆ ೫೦,೦೦೦ಕ್ಕೂ ಮೇಲ್ಪಟ್ಟು ಕಾರುಗಳನ್ನು ಮಾರುತ್ತಿದ್ದ ಪೋರ್ಷೆ, ೧೯೯೩ರ ಹೊತ್ತಿಗೆ ಸುಮಾರು ೧೪,೦೦೦ಕ್ಕೆ ಇಳಿದು, ಬಾಗಿಲು ಹಾಕಬೇಕಾದೀತೆಂಬ ಸ್ಥಿತಿಗೆ ಬಂದಿತ್ತು. ಆಗ ಚುಕ್ಕಾಣಿ ಹಿಡಿದವರು ವೆಂಡೆಲಿನ್ ವೀಡೆಕಿಂಗ್. ಮೊದಲು ಅಗ್ಗದ ಕ್ರೀಡಾ ಕಾರೊಂದನ್ನು ತಂದು ಉಸಿರು ಹಿಡಿದುಕೊಂಡ ಕಂಪನಿ, ಅನಂತರ ಫೋಕ್ಸ್‌ವ್ಯಾಗನ್ ಕಂಪನಿಯೊಡನೆ ಕೂಡಿ ದೊಡ್ಡ ಎಸ್‌ಯುವಿಯೊಂದನ್ನು ಕಟ್ಟುವುದಾಗಿ ಸಾರಿದಾಗ ಹಳೆಯ ಅಭಿಮಾನಿಗಳು ಕಿಡಿಕಿಡಿಯಾದರು. ಜಿಂಕೆ ಸಾಕುವ ಮನೆಯಲ್ಲಿ ಆನೆ ಹುಟ್ಟುವುದೆಂದರೇನು! ಆದರೂ ೨೦೦೨ರ ಪ್ಯಾರಿಸ್ ಪ್ರದರ್ಶನದಲ್ಲಿ ಆನೆಯ ಮೆರವಣಿಗೆ ನಡೆದೇ ಹೋಯಿತು. ೨೦೧೦ರಲ್ಲಿ ಆ ಮೊದಲ ತಲೆಮಾರು ಮುಗಿಯುವ ವೇಳೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿದ್ದವು. ಬೈದವರೂ ಬಾಯಿ ಮುಚ್ಚಿಕೊಂಡರು, ಕಂಪನಿಯೂ ಬದುಕಿತು. ಅಂದಹಾಗೆ, ಕೇಯೆನ್ ಎಂಬುದು ಒಂದು ಬಗೆಯ ಖಾರದ ಮೆಣಸಿನಕಾಯಿಯ ಹೆಸರು. ಗುಂಟೂರು, ಬ್ಯಾಡಗಿಗಳನ್ನು ಬಲ್ಲ ನಾಲಗೆಗೆ ಅದರ ಖಾರ ಎಷ್ಟರದೆಂಬುದು ಬೇರೆಯ ಮಾತು.

ಈ ಗಾಡಿಯ ಬಲವನ್ನು ಅಂಕಿಗಳಲ್ಲಿ ಹೇಳುವುದಾದರೆ ಹೀಗೆ: ಎಂಟು ಸಿಲಿಂಡರುಗಳ ನಾಲ್ಕೂವರೆ ಲೀಟರಿನ ಇಂಜಿನು, ಅದರ ಎರಡು ಮಗ್ಗುಲಿಗೂ ಒಂದೊಂದು ಟರ್ಬೊ, ಒಟ್ಟು ೪೫೦ ಅಶ್ವಶಕ್ತಿ. ತೂಕ ೨,೩೫೫ ಕಿಲೋಗ್ರಾಂ. ನಿಂತ ಜಾಗದಿಂದ ಗಂಟೆಗೆ ೧೦೦ ಕಿಲೋಮೀಟರ್ ವೇಗಕ್ಕೆ ಏರಲು ೫.೬ ಸೆಕೆಂಡು, ಗರಿಷ್ಠ ವೇಗ ೨೬೬ ಕಿಲೋಮೀಟರ್. ಇಪ್ಪತ್ತು ವರ್ಷಗಳಾದ ಮೇಲೂ ಈ ಅಂಕಿಗಳು ಹಳಸಿಲ್ಲ. ಹಳಸಿರುವುದು ಬೇರೆ.

ಮಡದಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎಂಬತ್ತೊಂಬತ್ತು ಸಾವಿರ ಡಾಲರಿನ ಗಾಡಿಯನ್ನು ಹತ್ತು ಸಾವಿರಕ್ಕೆ ಕೊಂಡವನು, ಅದರ ಬ್ರೇಕಿಗೆ, ಟಯರಿಗೆ, ಸಸ್ಪೆನ್ಷನ್ನಿಗೆ ತೆರಬೇಕಾದುದು ಎಂಬತ್ತೊಂಬತ್ತು ಸಾವಿರದ ಗಾಡಿಯ ಲೆಕ್ಕದಲ್ಲಿಯೇ. ಮೊದಲನೆಯ ಒಡೆಯ ಶ್ರೀಮಂತ, ಸಕಾಲದಲ್ಲಿ ಸರ್ವೀಸು ಮಾಡಿಸಿರುತ್ತಾನೆ. ಎರಡನೆಯವನು ಹೇಗೋ ಸಂಭಾಳಿಸುತ್ತಾನೆ. ಮೂರನೆಯವನಿಗೆ ಒಂದು ದೊಡ್ಡ ರಿಪೇರಿಯ ಅಂದಾಜು ಕೈಗೆ ಬಂದ ದಿನವೇ ಮಾರುವ ಯೋಚನೆ ಬರುತ್ತದೆ. ನಾಲ್ಕನೆಯವನಾಗಿ ಅಂಗಳಕ್ಕೆ ಕಾಲಿಡುವ ಗೃಹಸ್ಥ ಕೊಳ್ಳುವುದು ಗಾಡಿಯನ್ನಷ್ಟೇ ಅಲ್ಲ, ಮೂರನೆಯವನು ಮಾಡಿಸದೆ ಬಿಟ್ಟ ಆ ರಿಪೇರಿಯನ್ನೂ.

ಆದುದರಿಂದ ಪರೀಕ್ಷೆ ಮೊದಲು, ಪ್ರೀತಿ ಆಮೇಲೆ. ಗಾಡಿಯನ್ನು ನೋಡಲು ಬೆಳಗಿನ ಹೊತ್ತು ಹೋಗುವುದು ಮೇಲು. ‘ತಾವು ಬರುವವರೆಗೂ ಇಂಜಿನನ್ನು ಚಾಲೂ ಮಾಡಬಾರದು’ ಎಂದು ಮುಂಚಿತವಾಗಿಯೇ ತಿಳಿಸಿರಬೇಕು. ಬಿಸಿಯಾದ ಇಂಜಿನು ಸುಳ್ಳು ಹೇಳುತ್ತದೆ, ತಣ್ಣಗಿರುವುದು ನಿಜ ಹೇಳುತ್ತದೆ. ಮೇಲೆ ಕೈಯಿಟ್ಟು ನೋಡಿದಾಗ ಬೆಚ್ಚಗಿದ್ದರೆ, ಮಾರುವವನು ಏನನ್ನೋ ಕೇಳಗೊಡಬಾರದೆಂದು ಬಯಸಿದ್ದಾನೆಂದೇ ಅರ್ಥ. ತಣ್ಣಗಿನ ಇಂಜಿನು ಹೊತ್ತಿಕೊಂಡಾಗ ಟಿಕ್ ಟಿಕ್ ಎಂಬ ಲೋಹದ ಸದ್ದು ಕೇಳಿಬಂದು ಬಿಡದೆ ಮುಂದುವರಿದರೆ, ಸಿಲಿಂಡರಿನ ಒಳಗೋಡೆಯಲ್ಲಿ ಗೀರು ಬಿದ್ದಿರುವ ಸಂಶಯಕ್ಕೆ ಎಡೆಯುಂಟು. ಈ ವಂಶದ ಇಂಜಿನುಗಳಲ್ಲಿ, ಟರ್ಬೊ ಇಲ್ಲದ ಮಾದರಿಗಳಲ್ಲಿ ಹೆಚ್ಚಾಗಿ, ಚಳಿ ದೇಶಗಳಲ್ಲಿ ಮತ್ತೂ ಹೆಚ್ಚಾಗಿ ಈ ವ್ಯಾಧಿ ಕಂಡುಬಂದಿದೆ. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾವನ್ನು ಇಳಿಬಿಟ್ಟು ಗೋಡೆಯನ್ನು ಕಣ್ಣಾರೆ ನೋಡುವುದೊಂದೇ ಇದಕ್ಕೆ ನಂಬತಕ್ಕ ಪರೀಕ್ಷೆ. ಗೀರು ಬಿದ್ದಿದ್ದರೆ ಮುಂದಿನ ಮಾತೇ ಬೇಡ. ಇಂಜಿನನ್ನು ಬಿಚ್ಚಿ ಕಟ್ಟುವ ಖರ್ಚು ಗಾಡಿಯ ಕ್ರಯವನ್ನೇ ನುಂಗುತ್ತದೆ.

ಇನ್ನು ಈ ಗಾಡಿಯ ಅತಿ ಪ್ರಸಿದ್ಧವಾದ ದೋಷ: ಇಂಜಿನನ್ನು ತಣಿಸುವ ಕೂಲಂಟ್ ನೀರನ್ನು ಸಾಗಿಸುವ ಕೊಳವೆಗಳು. ಇವು ಇಂಜಿನಿನ ನಡುವಣ ಕಣಿವೆಯಲ್ಲಿ, ಗಾಳಿಯನ್ನು ಹಂಚುವ ಮ್ಯಾನಿಫೋಲ್ಡಿನ ಅಡಿಯಲ್ಲಿ, ಹೊರಗಿನಿಂದ ಕಣ್ಣಿಗೆ ಬೀಳದಂತೆ ಹುದುಗಿವೆ. ಆರಂಭದ ವರ್ಷಗಳ ಗಾಡಿಗಳಲ್ಲಿ ಇವನ್ನು ಪ್ಲಾಸ್ಟಿಕ್ಕಿನಿಂದ ಮಾಡಿದ್ದರು! ಇಂಜಿನಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ಕು ಹಪ್ಪಳದಂತೆ ಪೆಡಸಾಗಿ ಒಂದು ದಿನ ಸೀಳುತ್ತದೆ. ಕುದಿಯುವ ನೀರು ಕಣಿವೆಯಲ್ಲಿ ತುಂಬಿ, ಅಲ್ಲಿಯೇ ಇರುವ ಸ್ಟಾರ್ಟರ್ ಮೋಟಾರನ್ನು ತೋಯಿಸಿ, ಹಿಂಬದಿಯಿಂದ ಗೇರುಪೆಟ್ಟಿಗೆಯ ಕಡೆಗೆ ಹರಿಯುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಆವಿಯೆದ್ದು ಗಾಡಿ ನಿಂತುಹೋದ ಸಂದರ್ಭಗಳು ಒಂದೆರಡಲ್ಲ. ಅಮೆರಿಕದಲ್ಲಿ ಗಿರಾಕಿಗಳು ಸೇರಿ ನ್ಯಾಯಾಲಯದ ಮೆಟ್ಟಿಲು ಹತ್ತಿ, ಸಂಗತಿ ರಾಜಿಯಲ್ಲಿ ಮುಗಿಯಿತು. ಪರಿಹಾರವೇನೋ ಸರಳವೇ: ಅಲ್ಯೂಮಿನಿಯಂ ಕೊಳವೆಗಳನ್ನು ಹಾಕಿಸಿಬಿಡುವುದು. ಆದುದರಿಂದ ಕೊಳ್ಳುವವನು ಕೇಳಬೇಕಾದುದು ‘ಕೊಳವೆ ಸೋರುತ್ತಿದೆಯೇ’ ಎಂದಲ್ಲ, ‘ಅಲ್ಯೂಮಿನಿಯಂ ಕೊಳವೆ ಹಾಕಿಸಿದ ರಸೀತಿ ಎಲ್ಲಿ’ ಎಂದು. ರಸೀತಿ ಇಲ್ಲದಿದ್ದರೆ ಪ್ಲಾಸ್ಟಿಕ್ಕೇ ಇದೆಯೆಂದು ಭಾವಿಸಿ, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಬೇಕು.

ಎರಡನೆಯ ಅಂಗ ನೆಲದ ಕೆಳಗಿದೆ. ಗೇರಿನಿಂದ ಹಿಂದಿನ ಚಕ್ರಗಳಿಗೆ ಬಲವನ್ನು ಒಯ್ಯುವ ಉದ್ದನೆಯ ಪ್ರೊಪೆಲರ್ ಶ್ಯಾಫ್ಟನ್ನು ನಡುವೆ ಎತ್ತಿ ಹಿಡಿದಿರುವುದು ರಬ್ಬರಿನಲ್ಲಿ ಕೂಡಿಸಿದ ಒಂದು ಬೇರಿಂಗು. ಆ ರಬ್ಬರು ಹರಿದರೆ, ಗಾಡಿ ನಿಂತಲ್ಲಿಂದ ಹೊರಡುವಾಗ ಪಾದದ ಅಡಿಯಲ್ಲಿ ಯಾರೋ ಒನಕೆಯಿಂದ ಗುದ್ದಿದಂತಾಗುತ್ತದೆ. ಗಾಬರಿಪಡುವಂಥದೇನೂ ಅಲ್ಲ, ಸರಿಪಡಿಸಬಹುದು. ಆದರೆ ಇಂಜಿನಿಗೆ ಹೆಚ್ಚಿನ ಬಲ ಕೊಡುವ ಆಲೋಚನೆಯುಳ್ಳವನು ಈ ಬೇರಿಂಗನ್ನು ಮರೆಯಬಾರದು. ಮೇಲ್ಛಾವಣಿಯ ಕಿಟಕಿಯಿಂದ ಮಳೆನೀರು ಇಳಿಯುವ ಸಣ್ಣ ನಾಳಗಳು ಕಸ ಕಟ್ಟಿಕೊಂಡರೆ ನೀರು ಗಾಡಿಯ ಒಳಗೇ ಇಳಿಯುವುದೂ ಉಂಟು. ಈ ಗಾಡಿಯಲ್ಲಿ ಬ್ಯಾಟರಿ ಇರುವುದು ಮುಂದಿನ ಆಸನದ ಕೆಳಗೆ. ನೆಲದ ಜಮಖಾನವನ್ನು ಅಂಗೈಯಿಂದ ಒತ್ತಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ, ನಾಚಿಕೆಯೂ ಬೇಡ. ಗೇರು ಬದಲಾಗುವಾಗ ಜಗ್ಗುತ್ತದೆಯೇ, ತಡವರಿಸುತ್ತದೆಯೇ ಎಂಬುದನ್ನು ಅರ್ಧ ಗಂಟೆ ಓಡಿಸಿ ನೋಡಬೇಕು. ಬಡಾವಣೆಯನ್ನು ಒಂದು ಸುತ್ತು ಹಾಕಿ ಬಂದರೆ ಸಾಲದು.

‘ಸಂಜೆ ಬೇರೊಬ್ಬರು ಹಣ ತರುತ್ತಿದ್ದಾರೆ’ ಎಂದು ಮಾರುವವನು ಹೇಳಿಯೇ ಹೇಳುತ್ತಾನೆ. ತರಲಿ. ಈ ಜಾತಿಯ ಗಾಡಿ ಇನ್ನೊಂದು ತಿಂಗಳಿಗೆ ಇನ್ನೊಂದು ಸಿಕ್ಕುತ್ತದೆ.

ಕೊಂಡದ್ದಾಯಿತೆನ್ನೋಣ, ಸೋರುವುದನ್ನು ನಿಲ್ಲಿಸಿದ್ದಾಯಿತೆನ್ನೋಣ. ಆರು ತಿಂಗಳು ಕಳೆದ ಮೇಲೆ ೪೫೦ ಅಶ್ವಶಕ್ತಿ ಮಾಮೂಲಾಗುತ್ತದೆ. ಆಗ ಕಿವಿಗೆ ಬೀಳುವ ಸುದ್ದಿ: ಪುಟ್ಟ ಕಂಪ್ಯೂಟರನ್ನು ಗಾಡಿಗೆ ಜೋಡಿಸಿ, ಒಂದೇ ಮಧ್ಯಾಹ್ನದಲ್ಲಿ, ಒಂದು ಬೋಲ್ಟನ್ನೂ ಬಿಚ್ಚದೆ, ಅರವತ್ತು ಎಪ್ಪತ್ತು ಅಶ್ವಶಕ್ತಿಯನ್ನು ಹೆಚ್ಚಿಸಿಕೊಡುವವರಿದ್ದಾರಂತೆ. ಇದು ಮೋಸವೇ? ಅಲ್ಲ. ಟರ್ಬೊ ಇರುವ ಇಂಜಿನಿನಲ್ಲಿ ಇದು ನಿಜವಾಗಿಯೂ ಸಾಧ್ಯ. ಅದು ಹೇಗೆಂಬುದನ್ನು ತಿಳಿದುಕೊಂಡರೆ ಅದರ ಅಪಾಯವೂ ತಾನಾಗಿಯೇ ತಿಳಿಯುತ್ತದೆ.

ಇಂಜಿನಿನ ಬಲವೆಂದರೆ ಅದು ಉಸಿರಾಡುವ ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದನ್ನು ಉರಿಸಲು ತಕ್ಕಷ್ಟು ಗಾಳಿ ಬೇಕು. ಸಾಧಾರಣ ಇಂಜಿನು ತನ್ನ ಶಕ್ತ್ಯಾನುಸಾರ ಗಾಳಿಯನ್ನು ಎಳೆದುಕೊಳ್ಳುತ್ತದೆ. ಟರ್ಬೊ ಇರುವುದು, ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಗಾಲಿಯನ್ನು ತಿರುಗಿಸಿ, ಆ ಗಾಲಿಯ ಜತೆಗಾರನಿಂದ ಗಾಳಿಯನ್ನು ಒತ್ತಿ ಒತ್ತಿ ತುಂಬಿಸಿಕೊಳ್ಳುತ್ತದೆ. ಎಷ್ಟು ಒತ್ತಬೇಕೆಂಬುದನ್ನು ತೀರ್ಮಾನಿಸುವುದು ಇಂಜಿನಿನ ಕಂಪ್ಯೂಟರಿನೊಳಗಿನ ಒಂದು ಕೋಷ್ಟಕ. ಮಾರ್ಪಾಡು ಮಾಡುವವನು ತಿದ್ದುವುದು ಆ ಕೋಷ್ಟಕವನ್ನೇ. ಒತ್ತಡ ಹೆಚ್ಚಿತು, ಗಾಳಿ ಹೆಚ್ಚಿತು, ಪೆಟ್ರೋಲೂ ಹೆಚ್ಚಿತು, ಬಲ ಬಂತು. ಇದರ ಜೊತೆಗೆ ಬರುವ ಮತ್ತೊಬ್ಬ ಅತಿಥಿಯೇ ಬಿಸಿ. ಸೈಕಲ್ಲಿನ ಪಂಪಿನಿಂದ ಗಾಳಿ ತುಂಬಿದವರಿಗೆಲ್ಲ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಸಿಲಿಂಡರಿಗೆ ಹೋದರೆ, ಕಿಡಿಯಿಂದ ಹೊತ್ತಿದ ಜ್ವಾಲೆ ತಲಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇಂಜಿನು ‘ನಾಕ್’ ಮಾಡುವುದೆಂದರೆ ಇದೇ. ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆಯ ಪೆಟ್ಟುಗಳು ಬಿದ್ದಂತೆ. ಇದನ್ನು ತಡೆಯುವುದಕ್ಕಾಗಿಯೇ ತಯಾರಕರು ಒತ್ತಿದ ಗಾಳಿಯನ್ನು ತಣಿಸಲು ಇಂಟರ್‌ಕೂಲರನ್ನು ಇಟ್ಟಿರುತ್ತಾರೆ, ೯೮ ಆಕ್ಟೇನಿನ ಉತ್ತಮ ಪೆಟ್ರೋಲನ್ನೇ ಹಾಕಿರೆಂದು ಹೇಳಿರುತ್ತಾರೆ, ಸಿಡಿತದ ಸದ್ದು ಕೇಳಿದೊಡನೆ ಬಲವನ್ನು ತಗ್ಗಿಸುವ ಕಾವಲುಗಾರನನ್ನೂ ನೇಮಿಸಿರುತ್ತಾರೆ. ಆದುದರಿಂದ ಸುಡುಬಿಸಿಲಿನಲ್ಲಿ, ಕೀಳು ಪೆಟ್ರೋಲಿನಲ್ಲಿ, ಹಣ ಕೊಟ್ಟು ಕೊಂಡ ಆ ಎಪ್ಪತ್ತು ಕುದುರೆಗಳಲ್ಲಿ ಅನೇಕವು ಲಾಯದಲ್ಲಿಯೇ ಮಲಗಿರುತ್ತವೆ.

ಬಲ ಎಷ್ಟು ಹೆಚ್ಚಿತೆಂಬ ಲೆಕ್ಕದಲ್ಲಿಯೂ ಚಾತುರ್ಯಕ್ಕೆ ಅವಕಾಶವಿದೆ. ಇಂಜಿನಿನಲ್ಲಿ ಹುಟ್ಟಿದ ಬಲ ಬೇರೆ, ಗೇರು, ಶ್ಯಾಫ್ಟುಗಳನ್ನು ದಾಟಿ ಚಕ್ರಕ್ಕೆ ಮುಟ್ಟಿದ ಬಲ ಬೇರೆ. ಹಿಂದಿನದನ್ನು ಚಕ್ರದಲ್ಲಿ ಅಳೆದು, ಮುಂದಿನದನ್ನು ಇಂಜಿನಿನ ಲೆಕ್ಕದಲ್ಲಿ ತೋರಿಸಿದರೆ ಗಿರಾಕಿಗೆ ಪರಮಾನಂದ. ಅದೇ ದಿನ, ಅದೇ ಡೈನಮೋಮೀಟರ್ ಯಂತ್ರದ ಮೇಲೆ, ಕೆಲಸಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಅಳೆದು ಕೊಡಲು ಒಪ್ಪದವನ ಹತ್ತಿರ ಕೆಲಸ ಮಾಡಿಸದಿರುವುದೇ ಕ್ಷೇಮ.

ಇಲ್ಲಿ ಸ್ವತಃ ಪೋರ್ಷೆ ಕಂಪನಿಯೇ ಮಾಡಿದ ಕೆಲಸವನ್ನು ನೋಡುವುದು ಉಪಯುಕ್ತ. ೨೦೦೬ರಲ್ಲಿ ಅವರು ‘ಟರ್ಬೊ ಎಸ್’ ಎಂಬ ಮಾದರಿಯನ್ನು ಹೊರತಂದರು. ಅದೇ ನಾಲ್ಕೂವರೆ ಲೀಟರಿನ ಇಂಜಿನು. ಬಲ ಮಾತ್ರ ೪೫೦ರಿಂದ ೫೨೧ಕ್ಕೆ ಏರಿತ್ತು. ಅಂದರೆ ಇಂದಿನ ಮಾರ್ಪಾಟುಗಾರ ಒಂದು ಮಧ್ಯಾಹ್ನದಲ್ಲಿ ಕೊಡುವೆನೆಂದು ಹೇಳುವಷ್ಟೇ ಏರಿಕೆ. ಆದರೆ ಕಂಪನಿಯವರು ಕೋಷ್ಟಕವೊಂದನ್ನೇ ತಿದ್ದಿ ಕೈತೊಳೆದುಕೊಳ್ಳಲಿಲ್ಲ. ಇಂಟರ್‌ಕೂಲರುಗಳನ್ನು ಬದಲಿಸಿ ಪೂರಾ ಅಲ್ಯೂಮಿನಿಯಮ್ಮಿನವನ್ನು ಹಾಕಿದರು. ಮುಂದಿನ ಬ್ರೇಕಿನ ಬಿಲ್ಲೆಗಳ ಅಗಲವನ್ನು ೩೫೦ ಮಿಲಿಮೀಟರಿನಿಂದ ೩೮೦ಕ್ಕೆ ಹೆಚ್ಚಿಸಿದರು, ಹಿಂದಿನವನ್ನೂ ದೊಡ್ಡದು ಮಾಡಿದರು. ಇಷ್ಟೆಲ್ಲ ಮಾಡಿ ದೊರೆತ ಫಲವೇನು? ೧೦೦ ಕಿಲೋಮೀಟರ್ ವೇಗಕ್ಕೆ ಏರುವ ಕಾಲ ೫.೬ ಸೆಕೆಂಡಿನಿಂದ ೫.೨ಕ್ಕೆ ಇಳಿಯಿತು; ಗರಿಷ್ಠ ವೇಗ ೨೬೬ರಿಂದ ೨೭೦ ಆಯಿತು. ಎಪ್ಪತ್ತೊಂದು ಕುದುರೆಗಳಿಗೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು! ವೇಗ ಏರಿದಂತೆ ಗಾಳಿಯ ಪ್ರತಿರೋಧವನ್ನು ಗೆಲ್ಲಲು ಬೇಕಾಗುವ ಬಲ ಘನಕ್ರಮದಲ್ಲಿ ಏರುತ್ತದೆಯಾದುದರಿಂದ ಮೇಲಿನ ಮೆಟ್ಟಿಲುಗಳು ಬಹಳ ದುಬಾರಿ. ಬಲದ ಸವಿ ಗೊತ್ತಾಗುವುದು ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟುವ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ. ಆ ಸವಿ ಸುಳ್ಳಲ್ಲ. ಅದಕ್ಕೆ ಎಷ್ಟು ತೆರಬಹುದೆಂಬುದು ಅವರವರ ಜೇಬಿಗೆ ಬಿಟ್ಟದ್ದು.

ಬ್ರೇಕಿನ ವಿಷಯದಲ್ಲಿ ಮಾತ್ರ ಜೇಬಿಗೆ ಬಿಡುವಂತಿಲ್ಲ. ೨,೩೫೫ ಕಿಲೋಗ್ರಾಂ ತೂಕದ ಈ ಗಾಡಿ ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು ೯ ಲಕ್ಷ ಜೂಲು. ವೇಗ ೨೦೦ ಆದರೆ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು, ೩೬ ಲಕ್ಷ. ಗಾಡಿ ನಿಲ್ಲಬೇಕಾದರೆ ಅಷ್ಟೂ ಶಕ್ತಿ ನಾಲ್ಕು ಬಿಲ್ಲೆಗಳಲ್ಲಿ ಬಿಸಿಯಾಗಿ ಕರಗಬೇಕು. ತಂದೆ, ತಾಯಿ, ಇಬ್ಬರು ಮಕ್ಕಳು, ಹಿಂದೆ ಪೆಟ್ಟಿಗೆಗಳು ಇದ್ದರೆ ಇನ್ನೂ ಹೆಚ್ಚು. ಸವೆದ ಬಿಲ್ಲೆ, ಹಳೆಯ ಬ್ರೇಕ್ ಎಣ್ಣೆ ಇರುವ ಗಾಡಿಗೆ ಬಲ ಹೆಚ್ಚಿಸುವವನು ಆಟವಾಡುತ್ತಿರುವುದು ತನ್ನ ಹಣದೊಡನೆ ಅಲ್ಲ. ಹಿಂದಿನ ಆಸನದಲ್ಲಿ ಕುಳಿತ ಮಗುವಿಗೆ ಇಂಜಿನಿನ ಕೋಷ್ಟಕದ ವಿಚಾರವನ್ನು ಯಾರೂ ತಿಳಿಸಿರುವುದಿಲ್ಲ.

ಟಯರುಗಳದೂ ಅದೇ ಮಾತು. ಪಟ್ಟಿಗಳು ಆಳವಾಗಿದ್ದ ಮಾತ್ರಕ್ಕೆ ಟಯರು ಹೊಸದಲ್ಲ. ಟಯರಿನ ಮಗ್ಗುಲಲ್ಲಿ ಅಚ್ಚೊತ್ತಿದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: ‘೩೧೧೮’ ಎಂದಿದ್ದರೆ ೨೦೧೮ನೆಯ ವರ್ಷದ ಮೂವತ್ತೊಂದನೆಯ ವಾರದಲ್ಲಿ ಹುಟ್ಟಿದ್ದು. ಹೆಚ್ಚು ಓಡದೆ ನಿಂತಿದ್ದ ಗಾಡಿಗಳಲ್ಲಿ ಹತ್ತು ವರ್ಷ ದಾಟಿದ ಟಯರುಗಳು ಕರ್ರಗೆ ಮಿರುಗುತ್ತ ಕುಳಿತಿರುವುದುಂಟು. ಈ ತೂಕಕ್ಕೆ, ಈ ವೇಗಕ್ಕೆ ಹೊಂದುವ ದರ್ಜೆಯ ಟಯರೇ ಆಗಬೇಕು.

ಇನ್ನು ಕಾನೂನು. ಗಾಡಿಯ ತವರಾದ ಜರ್ಮನಿಯಲ್ಲಿ ಬಲವನ್ನು ಹೆಚ್ಚಿಸಿದವನು ಅದನ್ನು ಅಧಿಕೃತ ತಜ್ಞರಿಂದ ಪರೀಕ್ಷೆ ಮಾಡಿಸಿ, ಗಾಡಿಯ ಕಾಗದಗಳಲ್ಲಿ ದಾಖಲು ಮಾಡಿಸಬೇಕು. ಇಲ್ಲವಾದರೆ ರಸ್ತೆಯಲ್ಲಿ ಓಡಿಸುವ ಪರವಾನಗಿಯೇ ಬಿದ್ದುಹೋಗುತ್ತದೆ. ಅಮೆರಿಕದಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಸಾಧನಗಳನ್ನು ಕೆಡಿಸುವುದು ಒಕ್ಕೂಟದ ಕಾನೂನಿಗೆ ವಿರುದ್ಧ. ಕನ್ನಡಿಗರ ಸಂಸಾರಗಳು ಬಹುವಾಗಿ ನೆಲಸಿರುವ ಕ್ಯಾಲಿಫೋರ್ನಿಯದಲ್ಲಿ ಬಿಗಿ ಮತ್ತೂ ಹೆಚ್ಚು. ಹೊಗೆಯ ಮೇಲೆ ಪರಿಣಾಮ ಮಾಡುವ ಯಾವ ಮಾರ್ಪಾಟಿಗೂ ಅಲ್ಲಿನ ವಾಯುಮಂಡಳಿಯ ಆಜ್ಞಾಸಂಖ್ಯೆ ಇರಬೇಕು.

ಬೆಂಗಳೂರಿನಲ್ಲಿ ಕುಳಿತು ಇಂಥ ಹಳೆಯ ದೊಡ್ಡ ಗಾಡಿಯ ಮೇಲೆ ಕಣ್ಣಿಟ್ಟವರಿಗೆ ದಾರಿ ಇನ್ನೂ ಇಕ್ಕಟ್ಟು. ಮೋಟಾರು ವಾಹನಗಳ ಕಾಯಿದೆಯ ೫೨ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಮಾಡಿದ್ದಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸಕೂಡದು. ೨೦೧೯ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸೆರೆಮನೆಯ ಮಾತು ಹಾಗಿರಲಿ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಟು, ಅಪಘಾತದ ಅನಂತರ ಪರಿಹಾರ ಕೇಳುವ ವೇಳೆಯಲ್ಲಿ ಎದುರು ಸಾಕ್ಷಿಯಾಗಿ ನಿಂತರೆ ಆಗುವ ನಷ್ಟ ದಂಡಕ್ಕಿಂತ ಎಷ್ಟೋ ಪಾಲು ಹೆಚ್ಚಿನದು.

ಹಾಗಾದರೆ ಆಸೆಯನ್ನೇ ಬಿಡಬೇಕೇ? ಬಿಡಬೇಕಾದುದಿಲ್ಲ. ಅದಕ್ಕಾಗಿಯೇ ಕಾರ್ಖಾನೆಯಿಂದಲೇ ಹೆಚ್ಚಿನ ಬಲದೊಡನೆ ಬಂದ ಮಾದರಿಗಳಿವೆ: ಆ ಟರ್ಬೊ ಎಸ್, ಅಥವಾ ಅನಂತರ ೨೦೦೭ರಲ್ಲಿ ಬಂದ ೪.೮ ಲೀಟರಿನ, ೫೦೦ ಅಶ್ವಶಕ್ತಿಯ ಟರ್ಬೊ. ಕ್ರಯ ಸ್ವಲ್ಪ ಹೆಚ್ಚು. ಆದರೆ ಹೆಚ್ಚಿನ ಬಲಕ್ಕೆ ತಕ್ಕ ಏರ್ಪಾಡನ್ನು ತಯಾರಕರೇ ಮಾಡಿರುತ್ತಾರೆ, ಕಾಗದಗಳಲ್ಲಿಯೂ ಅದೇ ಬಲ ನಮೂದಾಗಿರುತ್ತದೆ. ಕಾನೂನು ಒಪ್ಪುವ ನಾಡಿನಲ್ಲಿದ್ದು, ಮಾರ್ಪಾಟೇ ಆಗಬೇಕೆನ್ನುವವನು ಹಣವನ್ನು ವೆಚ್ಚಮಾಡುವ ಕ್ರಮವನ್ನಾದರೂ ಸರಿಯಾಗಿಟ್ಟುಕೊಳ್ಳಬೇಕು. ಕೊಳವೆಗಳು, ಬೇರಿಂಗು, ಗೇರಿನ ಎಣ್ಣೆ, ಬಿರುಕು ಬಿಟ್ಟಿರಬಹುದಾದ ಇಗ್ನಿಷನ್ ಕಾಯಿಲುಗಳು ಮೊದಲು. ಬ್ರೇಕು, ಟಯರು ಆಮೇಲೆ. ಇಂಟರ್‌ಕೂಲರು ಅದರ ಹಿಂದೆ. ಕೋಷ್ಟಕದ ತಿದ್ದುಪಡಿ ಎಲ್ಲಕ್ಕೂ ಕೊನೆಗೆ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತೀರ ತಲೆಕೆಳಗು. ತಿದ್ದುಪಡಿ ಎಲ್ಲಕ್ಕಿಂತ ಅಗ್ಗವಾದುದರಿಂದ ಅದೇ ಮೊದಲು ಆಗಿಬಿಡುತ್ತದೆ, ಉಳಿದುದಕ್ಕೆ ಹಣವೇ ಉಳಿದಿರುವುದಿಲ್ಲ.

ಕೆಲಸ ಮಾಡಿಸುವ ದಿನ, ಗಾಡಿಯ ಮೂಲ ಕೋಷ್ಟಕದ ಪ್ರತಿಯೊಂದನ್ನು ಕೇಳಿ ಪಡೆದುಕೊಳ್ಳಬೇಕು. ಎಣ್ಣೆ ಬದಲಿಸುವ ಅವಧಿಯನ್ನು ಅಂದಿನಿಂದ ಕಡಮೆ ಮಾಡಿಕೊಳ್ಳಬೇಕು. ಮುಂದೆಂದಾದರೂ ಗಾಡಿಯನ್ನು ಮಾರಬೇಕಾದಾಗ, ಬುದ್ಧಿವಂತನಾದ ಐದನೆಯ ಗಿರಾಕಿ ಬಂದು ಕೇಳುವುದೂ ಅದನ್ನೇ: ಮೂಲ ಪ್ರತಿ ಇದೆಯೇ, ಅಲ್ಯೂಮಿನಿಯಂ ಕೊಳವೆಯ ರಸೀತಿ ಎಲ್ಲಿ ಎಂದು. ಎರಡನ್ನೂ ನೋಂದಣಿ ಕಾಗದಗಳ ಜೊತೆಗೆ ಒಂದೇ ಲಕೋಟೆಯಲ್ಲಿಟ್ಟು, ಲಕೋಟೆಯನ್ನು ಮಡದಿಯ ವಶಕ್ಕೆ ಕೊಟ್ಟಿರುವುದು ಉತ್ತಮ. ಅಂಗಳದಲ್ಲಿ ಮೊದಲ ಪ್ರಶ್ನೆ ಕೇಳಿದವರು ಅವರೇ ತಾನೆ.